ಬಾರೂಕ ಅನ್ನೋ ಬರಹಗಾರ, ಸುಟ್ಟುಹೋದ ಸುರುಳಿ, ಮತ್ತೆ ಒಂದು ಬೆರಳಚ್ಚಿನ ಕಥೆ

ಇಡೀ ಹೀಬ್ರೂ ಬೈಬಲ್‌ನಲ್ಲಿ, ಅಂದ್ರೆ ಕ್ರೈಸ್ತರು ಹಳೇ ಒಡಂಬಡಿಕೆ ಅನ್ನೋ ಭಾಗದಲ್ಲಿ, 'ಮಸಿ' ಅನ್ನೋ ಪದ ಬರೋದು ಒಂದೇ ಒಂದು ಸಲ. ಅದು ಯೆರೆಮೀಯನ ಪುಸ್ತಕದ 36ನೇ ಅಧ್ಯಾಯದಲ್ಲಿ. ಯೆರೂಸಲೇಮಿನ ಅರಮನೆ ಅಧಿಕಾರಿಗಳು ಒಬ್ಬನನ್ನ ಎದುರಿಗೆ ಕೂರಿಸ್ಕೊಂಡು ಕೇಳ್ತಾರೆ, ಇದನ್ನೆಲ್ಲಾ ಹೇಗಪ್ಪಾ ಬರೆದೆ, ಯೆರೆಮೀಯನ ಬಾಯಿಂದ ಕೇಳಿಯೇ ಬರೆದ್ಯಾ ಅಂತ. ಅದಕ್ಕೆ ಆತ, ಅವನು ಹೇಳ್ತಾ ಹೋದ, ನಾನು ಮಸಿಯಿಂದ ಸುರುಳಿಯಲ್ಲಿ ಬರೀತಾ ಹೋದೆ ಅಂತಾನೆ. ಅಷ್ಟೇ ಉತ್ತರ. ಈ ಮನುಷ್ಯನ ಹೆಸರು ಬಾರೂಕ, ನೇರೀಯನ ಮಗ, ಪ್ರವಾದಿ ಯೆರೆಮೀಯನಿಗೆ ಬರೆದುಕೊಡ್ತಿದ್ದ ಲಿಪಿಕಾರ. ಯೆರೆಮೀಯನ ಪುಸ್ತಕದಲ್ಲಿ 52 ಅಧ್ಯಾಯ ಇದೆ, ಅದ್ರಲ್ಲಿ ಇವನು ಕಾಣಿಸೋದು ನಾಲ್ಕೇ ಅಧ್ಯಾಯದಲ್ಲಿ, 32, 36, 43, 45. ಆದ್ರೂ ಆ 36ನೇ ಅಧ್ಯಾಯವನ್ನ ನಾನು ಎಷ್ಟು ಸಲ ಓದಿದೀನಿ ಅನ್ನೋದಕ್ಕೆ ಲೆಕ್ಕ ಇಲ್ಲ, ಯಾಕಂದ್ರೆ ಒಂದು ಪುಸ್ತಕ ಹೇಗೆ ಹುಟ್ತು, ಹೇಗೆ ಸತ್ತು ಮತ್ತೆ ಹುಟ್ತು ಅನ್ನೋದನ್ನ ಇಷ್ಟು ಹತ್ತಿರದಿಂದ ತೋರಿಸೋ ಹಳೇ ಬರಹ ನಾನಂತೂ ಬೇರೆ ಓದಿಲ್ಲ.

ಕಾಲ ಕ್ರಿ.ಪೂ. 605. ಯೂಫ್ರೆಟಿಸ್ ದಡದ ಕರ್ಕೆಮೀಷ್‌ನಲ್ಲಿ ಬಾಬಿಲೋನಿನವರು ಈಜಿಪ್ಟ್ ಸೈನ್ಯವನ್ನ ಸೋಲಿಸಿದ್ರು, ಇನ್ಮೇಲೆ ಸುತ್ತಮುತ್ತಲಿನ ಚಿಕ್ಕ ಚಿಕ್ಕ ರಾಜ್ಯಗಳಿಗೆಲ್ಲಾ ಬಾಬಿಲೋನಿನ ನೆಬೂಕದ್ನೆಚ್ಚರನೇ ಯಜಮಾನ ಅನ್ನೋ ಪರಿಸ್ಥಿತಿ. ಯೆರೂಸಲೇಮ್ ರಾಜಧಾನಿಯಾಗಿದ್ದ ಯೂದಾಯದ ರಾಜ ಯೆಹೋಯಾಕೀಮನನ್ನ ಪಟ್ಟಕ್ಕೆ ಕೂರಿಸಿದ್ದೇ ಈಜಿಪ್ಟ್‌ನವರು. ಯೆರೆಮೀಯ ಮಾತ್ರ ಬಾಬಿಲೋನ್ ಬಂದೇ ಬರುತ್ತೆ, ನಿಮ್ಮ ಅನ್ಯಾಯ ಬಿಡಿ ಅಂತ ಹೇಳ್ಕೊಂಡೇ ಬಂದಿದ್ದ, ಅದಕ್ಕೇ ಅವನಿಗೆ ದೇವಾಲಯದೊಳಗೆ ಕಾಲಿಡೋಕೆ ಆಗ್ತಿರಲಿಲ್ಲ. ಅಷ್ಟು ವರ್ಷ ಆಡಿದ ಮಾತನ್ನೆಲ್ಲಾ ಹೇಳಿ ಬರೆಸಿ, ನನ್ನ ಬದಲು ನೀನು ಹೋಗಿ ಓದು ಅಂತ ಬಾರೂಕನನ್ನ ಕಳಿಸ್ತಾನೆ.

ಓದಿದ್ದು ಮಾರನೇ ವರ್ಷ, ಒಂಬತ್ತನೇ ತಿಂಗಳು, ಚಳಿಗಾಲ, ಊರಿಗೆಲ್ಲಾ ಉಪವಾಸ ಸಾರಿದ್ದ ದಿನ. ಬಾಬಿಲೋನಿನ ವೃತ್ತಾಂತ ಬರೆದ ಮಣ್ಣಿನ ಫಲಕಗಳ ಪ್ರಕಾರ ಅದೇ ತಿಂಗಳಲ್ಲೇ ಕರಾವಳಿಯ ಅಷ್ಕೆಲೋನ್ ಪಟ್ಟಣ ನೆಬೂಕದ್ನೆಚ್ಚರನ ಕೈಗೆ ಬಿತ್ತು, ಹಾಗಾಗಿ ಆ ಉಪವಾಸದ ಹಿಂದೆ ಎಂಥ ಭಯ ಇದ್ದಿರಬಹುದು ಅಂತ ಊಹಿಸಬಹುದು. ಬಾರೂಕ ಓದೋಕೆ ನಿಂತದ್ದು ದೇವಾಲಯದ ಮೇಲಿನ ಅಂಗಳದಲ್ಲಿದ್ದ, ಶಾಫಾನನ ಮಗ ಗೆಮರ್ಯ ಅನ್ನೋ ಅಧಿಕಾರಿಯ ಕೋಣೇಲಿ. ಈ ಹೆಸರು ನೆನಪಿಟ್ಕೊಳ್ಳಿ, ಮುಂದೆ ಬೇಕು. ಗೆಮರ್ಯನ ಮಗ ಮೀಕಾಯ ಅದನ್ನ ಕೇಳಿಸ್ಕೊಂಡು ಅರಮನೆಗೆ ಓಡ್ತಾನೆ, ಅಧಿಕಾರಿಗಳು ಬಾರೂಕನನ್ನ ಕರೆಸಿ ಕೂತ್ಕೋ, ನಮಗೂ ಓದು ಅಂತಾರೆ, ಓದಿದ್ದನ್ನ ಕೇಳಿ ಒಬ್ಬರ ಮುಖ ಒಬ್ಬರು ನೋಡ್ಕೋತಾರೆ, ಆಮೇಲೆ, ಇದನ್ನ ರಾಜನಿಗೆ ಹೇಳಲೇಬೇಕು, ಆದ್ರೆ ನೀನೂ ಯೆರೆಮೀಯನೂ ಹೋಗಿ ಅಡಗಿಕೊಳ್ಳಿ, ಎಲ್ಲಿದೀರಿ ಅಂತ ಯಾರಿಗೂ ಗೊತ್ತಾಗಬಾರದು ಅಂತ ಹೇಳಿ ಕಳಿಸ್ತಾರೆ. ಎಂಥ ಒಳ್ಳೇ ಜನ ಅನ್ಸುತ್ತೆ ನನಗೆ.

ಮೂರನೇ ಓದು ರಾಜನ ಎದುರಿಗೆ, ಚಳಿಗಾಲದ ಮನೇಲಿ. ಮುಂದೆ ಅಗ್ಗಿಷ್ಟಿಕೆ ಉರೀತಿದೆ. ಯೆಹೂದಿ ಅನ್ನೋ ಹೆಸರಿನ ಸೇವಕ ಮೂರ್ನಾಲ್ಕು ಕಾಲಂ ಓದೋದು, ಅಷ್ಟನ್ನ ರಾಜ ಚಾಕುವಿನಿಂದ ಕತ್ತರಿಸಿ ಬೆಂಕಿಗೆ ಹಾಕೋದು, ಮತ್ತೆ ಮೂರ್ನಾಲ್ಕು ಓದೋದು, ಮತ್ತೆ ಕತ್ತರಿಸೋದು, ಹೀಗೇ ಸುರುಳಿ ಮುಗಿಯೋವರೆಗೂ. ಸಿಟ್ಟು ಬಂದು ಒಂದೇ ಸಲ ಎತ್ತಿ ಎಸೆದಿದ್ರೆ ಅದು ಬೇರೆ ಮಾತು. ಇವನು ಪೂರ್ತಿ ಕೇಳಿಸ್ಕೊಂಡು ಪೂರ್ತಿ ಸುಟ್ಟ. ಆ ಚಾಕುವೂ ಬರಹಗಾರನ ಚಾಕು, ಅಂದ್ರೆ ಬಾರೂಕನಂಥವರು ಲೇಖನಿ ಚೂಪು ಮಾಡೋಕೆ, ಹಾಳೆ ಕತ್ತರಿಸೋಕೆ ಇಟ್ಕೋತಿದ್ದ ಉಪಕರಣ.

ಇದಕ್ಕೆ ಒಂದು ಹಿಂದಿನ ಕಥೆ ಇದೆ. ಕ್ರಿ.ಪೂ. 622ರ ಹೊತ್ತಿಗೆ ದೇವಾಲಯದ ರಿಪೇರಿ ನಡೀವಾಗ ಧರ್ಮಶಾಸ್ತ್ರದ ಹಳೇ ಸುರುಳಿ ಸಿಕ್ಕಿತ್ತು, ಅದನ್ನ ಈ ಯೆಹೋಯಾಕೀಮನ ಅಪ್ಪ ಯೋಷೀಯನಿಗೆ ಓದಿ ಹೇಳಿದ್ದು ಬರಹಗಾರ ಶಾಫಾನ, ಅದೇ ಗೆಮರ್ಯನ ಅಪ್ಪ. ಅವತ್ತು ಯೋಷೀಯ ಕೇಳ್ತಿದ್ದ ಹಾಗೇ ದುಃಖದಿಂದ ಮೈಮೇಲಿನ ಬಟ್ಟೆ ಹರ್ಕೊಂಡಿದ್ದ. ಮಗ ಹರಿದಿದ್ದು ಪುಸ್ತಕವನ್ನ. ಹೀಬ್ರೂನಲ್ಲಿ ಸುರುಳಿ ಕತ್ತರಿಸಿದ ಅನ್ನೋದಕ್ಕೂ, ರಾಜ ಬಟ್ಟೆ ಹರ್ಕೊಳ್ಳಲಿಲ್ಲ ಅಂತ ಮರುವಚನದಲ್ಲಿ ಹೇಳೋದಕ್ಕೂ ಒಂದೇ ಕ್ರಿಯಾಪದ ಇದೆ. ಬರೆದವನು ಬೇಕು ಅಂತಲೇ ಹಾಗೆ ಬರೆದಿದಾನೆ. ಗೆಮರ್ಯ ಮತ್ತೆ ಇನ್ನಿಬ್ಬರು ಸುಡಬೇಡಿ ಅಂತ ರಾಜನನ್ನ ಬೇಡ್ಕೊಂಡ್ರೂ ಅವನು ಕೇಳಲಿಲ್ಲ.

ಆಮೇಲೆ ಯೆರೆಮೀಯ ಇನ್ನೊಂದು ಸುರುಳಿ ತಂದು ಬಾರೂಕನ ಕೈಗೆ ಕೊಡ್ತಾನೆ. ಬಾರೂಕ ಕೂತು ಎಲ್ಲವನ್ನೂ ಮೊದಲಿಂದ ಬರೀತಾನೆ. ಸುಟ್ಟ ಮಾತುಗಳ ಜೊತೆಗೆ ಅಂಥವೇ ಇನ್ನೂ ಎಷ್ಟೋ ಮಾತು ಸೇರಿದ್ವು ಅಂತ ಅಧ್ಯಾಯ ಮುಗಿಯುತ್ತೆ.

ಬಾರೂಕನ ಇನ್ನೊಂದು ಕೆಲಸ ಕ್ರಯಪತ್ರ ಕಾಪಾಡಿದ್ದು. ಬಾಬಿಲೋನ್ ಸೈನ್ಯ ಊರಿಗೆ ಮುತ್ತಿಗೆ ಹಾಕಿರೋವಾಗ, ಯೆರೆಮೀಯ ಕಾವಲಿನಲ್ಲಿ ಬಂದಿಯಾಗಿರೋವಾಗ, ಅವನ ಚಿಕ್ಕಪ್ಪನ ಮಗ ಬಂದು ಅನಾತೋತ್ ಅನ್ನೋ ಊರಿನ ಹೊಲ ತಗೋ ಅಂತಾನೆ. ಶತ್ರು ಕೈಯಲ್ಲಿರೋ ಜಮೀನು ಯಾರಿಗೆ ಬೇಕು! ಆದ್ರೆ ಈ ನೆಲದಲ್ಲಿ ಮತ್ತೆ ಮನೆ ಹೊಲ ಕೊಳ್ಳೋ ಕಾಲ ಬರುತ್ತೆ ಅನ್ನೋ ನಂಬಿಕೆಯಿಂದ ಯೆರೆಮೀಯ 17 ಶೆಕೆಲ್ ಬೆಳ್ಳಿ, ಅಂದ್ರೆ ಸುಮಾರು 200 ಗ್ರಾಂ, ತಕ್ಕಡಿಯಲ್ಲಿ ತೂಗಿ ಕೊಡ್ತಾನೆ. ಪತ್ರಕ್ಕೆ ಎರಡು ಪ್ರತಿ, ಒಂದು ತೆರೆದದ್ದು, ಯಾರು ಬೇಕಾದ್ರೂ ಓದಬಹುದು, ಇನ್ನೊಂದನ್ನ ಮಡಿಸಿ ದಾರ ಕಟ್ಟಿ ದಾರದ ಮೇಲೆ ಹಸಿ ಜೇಡಿಮಣ್ಣಿನ ಉಂಡೆ ಇಟ್ಟು ಮುದ್ರೆ ಒತ್ತೋದು, ತಕರಾರು ಬಂದಾಗ ಮಾತ್ರ ಒಡೆಯೋದು. ಈಜಿಪ್ಟ್‌ನ ಎಲಿಫಾಂಟೀನ್ ದ್ವೀಪದಲ್ಲಿದ್ದ ಯೆಹೂದ್ಯರ ಇಂಥ ಕಟ್ಟಿ ಮುದ್ರೆ ಒತ್ತಿದ ಪತ್ರಗಳು ನಿಜವಾಗ್ಲೂ ಸಿಕ್ಕಿವೆ. ಎರಡೂ ಪ್ರತಿಯನ್ನ ಮಣ್ಣಿನ ಮಡಕೆಯಲ್ಲಿಡು, ಬಹಳ ಕಾಲ ಉಳೀಲಿ ಅಂತ ಬಾರೂಕನಿಗೆ ಅಪ್ಪಣೆ ಆಗುತ್ತೆ.

ಇಷ್ಟೆಲ್ಲಾ ಮಾಡಿದವನ ಸ್ವಂತ ಮಾತು 45ನೇ ಅಧ್ಯಾಯದಲ್ಲಿ ಒಂದೇ ಒಂದು ವಚನ ಇದೆ. ಅಯ್ಯೋ ನನ್ನ ಗತಿಯೇ, ನೋವಿನ ಮೇಲೆ ದುಃಖ ಬಂತು, ನರಳಿ ನರಳಿ ಸಾಕಾಯ್ತು, ವಿಶ್ರಾಂತಿ ಅನ್ನೋದೇ ಇಲ್ಲ ಅಂತಾನೆ. ಅದಕ್ಕೆ ಬರೋ ಉತ್ತರ, ನಿನಗಾಗಿ ದೊಡ್ಡದನ್ನ ಹುಡುಕ್ತೀಯಾ, ಹುಡುಕಬೇಡ, ಎಲ್ಲಿ ಹೋದ್ರೂ ನಿನ್ನ ಪ್ರಾಣ ಮಾತ್ರ ನಿನಗೆ ಉಳಿಸ್ತೀನಿ. ಗ್ರೀಕ್ ಅನುವಾದದಲ್ಲಿ ಪುಸ್ತಕದ ಕ್ರಮವೇ ಬೇರೆ ಇರೋದ್ರಿಂದ ಈ ಭಾಗ ಕೊನೇ ಅಧ್ಯಾಯಕ್ಕೆ ಸ್ವಲ್ಪ ಮುಂಚೆ, ಬರೆದವನ ಸಹಿ ಇದ್ದ ಹಾಗೆ ಬರುತ್ತೆ. ನನಗೆ ಆ ಜಾಗವೇ ಸರಿ ಅನ್ಸುತ್ತೆ.

ಕ್ರಿ.ಪೂ. 586ರಲ್ಲಿ ಯೆರೂಸಲೇಮ್ ಸುಟ್ಟುಹೋಯ್ತು. ಉಳಿದವರು ಈಜಿಪ್ಟ್‌ಗೆ ಓಡಿಹೋಗೋಣ ಅಂದಾಗ ಯೆರೆಮೀಯ ಬೇಡ ಅಂದ, ಅದಕ್ಕೆ ಅವರು ಬೈದಿದ್ದು ಬಾರೂಕನನ್ನ, ಇವನೇ ನಿನ್ನ ತಲೆ ಕೆಡಿಸಿ ನಮ್ಮನ್ನ ಬಾಬಿಲೋನಿನವರ ಕೈಗೆ ಕೊಡಿಸ್ತಿರೋದು ಅಂತ. ಇಬ್ಬರನ್ನೂ ಜೊತೆಗೇ ಕರ್ಕೊಂಡು ಹೋದ್ರು. ಅಲ್ಲಿಂದಾಚೆ ಬೈಬಲ್ ಅವನ ಬಗ್ಗೆ ಏನೂ ಹೇಳಲ್ಲ.

ಆದ್ರೆ ಜನ ಅವನನ್ನ ಬಿಡಲಿಲ್ಲ. ಅವನ ಹೆಸರಲ್ಲೇ ಪುಸ್ತಕಗಳು ಹುಟ್ಟಿಕೊಂಡ್ವು. ಒಂದು ಕ್ಯಾಥೊಲಿಕ್ ಬೈಬಲ್‌ನಲ್ಲಿ ಈಗ್ಲೂ ಇದೆ, ಪ್ರಾಟೆಸ್ಟಂಟರು ಓದೋ ಸತ್ಯವೇದದಲ್ಲಿ ಇಲ್ಲ. ಕ್ರಿ.ಶ. 70ರಲ್ಲಿ ರೋಮನ್ನರು ಎರಡನೇ ದೇವಾಲಯ ಸುಟ್ಟ ಮೇಲೆ, ಮೊದಲನೇ ದೇವಾಲಯ ಸುಟ್ಟಿದ್ದನ್ನ ಕಂಡಿದ್ದ ಬಾರೂಕನ ಬಾಯಲ್ಲಿ ತಮ್ಮ ದುಃಖವನ್ನ ಹೇಳಿಸಿದ ಇನ್ನೊಂದು ಗ್ರಂಥ ಸಿರಿಯಾಕ್ ಭಾಷೇಲಿ ಉಳ್ಕೊಂಡಿದೆ. ಯೆಹೂದಿ ಗುರುಗಳು, ಮುಂದೆ ಬಂದ ಧರ್ಮಶಾಸ್ತ್ರದ ಪಂಡಿತ ಎಜ್ರನಿಗೆ ಅವನನ್ನ ಗುರು ಮಾಡಿದ್ರು, ಬಾರೂಕ ಬದುಕಿರೋವರೆಗೂ ಎಜ್ರ ಬಾಬಿಲೋನ್ ಬಿಟ್ಟು ಹೊರಡಲಿಲ್ಲ ಅಂತ ಯೆಹೂದ್ಯರ ಧರ್ಮಗ್ರಂಥ ತಾಲ್ಮೂದ್ ಹೇಳುತ್ತೆ. ಇನ್ನೊಂದು ಹಳೇ ವ್ಯಾಖ್ಯಾನದಲ್ಲಿ ಬಾರೂಕ, ಮೋಶೆಯ ಸೇವೆ ಮಾಡಿದ ಯೆಹೋಶುವನಿಗೆ ಪ್ರವಾದನೆ ಸಿಕ್ತು, ಎಲೀಯನ ಸೇವೆ ಮಾಡಿದ ಎಲೀಷನಿಗೆ ಸಿಕ್ತು, ನನಗೆ ಮಾತ್ರ ಯಾಕಿಲ್ಲ ಅಂತ ಕೇಳ್ತಾನೆ. 20ನೇ ಶತಮಾನದ ಶುರುವಿನಲ್ಲಿ ಜರ್ಮನಿಯ ಬರ್ನ್‌ಹಾರ್ಡ್ ಡೂಮ್ ಯೆರೆಮೀಯನ ಜೀವನದ ಘಟನೆಗಳನ್ನ ಬರೆದದ್ದು ಬಾರೂಕನೇ ಅಂತ ವಾದಿಸಿದ್ರು, ಆ ಚರ್ಚೆ ಇನ್ನೂ ಮುಗಿದಿಲ್ಲ.

1975ರಲ್ಲಿ ಯೆರೂಸಲೇಮಿನ ಪುರಾತನ ವಸ್ತು ವ್ಯಾಪಾರಿಗಳ ಹತ್ರ ಮಣ್ಣಿನ ಮುದ್ರೆಗಳ ರಾಶಿಯೊಂದು ಬಂತು. ಅದ್ರಲ್ಲಿ ಒಂದರ ಮೇಲೆ ಹಳೇ ಹೀಬ್ರೂ ಲಿಪಿಯ ಮೂರು ಸಾಲು, 'ಬೆರೆಕ್ಯಾಹು, ನೇರೀಯಾಹುವಿನ ಮಗ, ಬರಹಗಾರ'. ಬಾರೂಕ ಅನ್ನೋದು ಆ ಹೆಸರಿನ ಚಿಕ್ಕ ರೂಪ. ದೊಡ್ಡ ಪುರಾತತ್ವಜ್ಞ ನಹಮಾನ್ ಅವಿಗಾಡ್ 1978ರಲ್ಲಿ ಪ್ರಕಟಿಸಿದ್ರು. 1990ರ ದಶಕದಲ್ಲಿ ಅದೇ ಮುದ್ರೆಯ ಇನ್ನೊಂದು ಮಣ್ಣುಂಡೆ ಒಬ್ಬ ಸಂಗ್ರಾಹಕರ ಹತ್ರ ಇದೆ ಅಂತ ಗೊತ್ತಾಯ್ತು, ಅದರ ಅಂಚಿನಲ್ಲಿ ಒಂದು ಬೆರಳಚ್ಚು. ಬಾರೂಕನ ಬೆರಳೇ ಇರಬಹುದು ಅಂದಾಗ ಓದಿದವರಿಗೆಲ್ಲಾ ಮೈ ಜುಮ್ ಅಂದಿತ್ತು, ನನಗೂ ಹಾಗೇ ಆಗಿತ್ತು, ಅವನ ಫೋಟೋ ಸಿಕ್ಕಷ್ಟೇ ಖುಷಿ. ಆದ್ರೆ ಅವೆರಡೂ ನೆಲದಿಂದ ಎದ್ದು ಬಂದಿದ್ದನ್ನ ಯಾವ ಪುರಾತತ್ವಜ್ಞರೂ ಕಂಡಿರಲಿಲ್ಲ. 2014ರಲ್ಲಿ ಯುವಾಲ್ ಗೋರೆನ್ ಮತ್ತು ಎರಾನ್ ಆರಿಯೇ ಎರಡನ್ನೂ ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿ, ಇವು ಈಗಿನ ಕಾಲದಲ್ಲಿ ಮಾಡಿದ ನಕಲಿ ಅಂತ ಪ್ರಕಟಿಸಿದ್ರು. ಆ ಬೆರಳು ಯಾರದ್ದೋ ಏನೋ, ಬಾರೂಕನದ್ದಲ್ಲ. ಇದನ್ನ ಓದಿದ ದಿನ ನನಗೆ ನಿಜವಾಗ್ಲೂ ಬೇಜಾರಾಯ್ತು, ಸಿಟ್ಟೂ ಬಂತು, ಇಷ್ಟು ಸಣ್ಣ ಮನುಷ್ಯನನ್ನೂ ಮಾರಿಕೊಳ್ಳೋದಾ ಅಂತ.

ಆದ್ರೆ 1982ರಲ್ಲಿ ಪುರಾತತ್ವಜ್ಞ ಯಿಗಾಲ್ ಶಿಲೋ ಅವರ ತಂಡ ಯೆರೂಸಲೇಮಿನ ಹಳೇ ಭಾಗವಾದ ದಾವೀದನ ಪಟ್ಟಣದಲ್ಲಿ ಅಗೀವಾಗ ಕ್ರಿ.ಪೂ. 586ರ ಬೂದಿಯ ಕೆಳಗೆ ಒಂದು ಮನೆ ಸಿಕ್ಕಿತ್ತು, ಅದರ ನೆಲದ ಮೇಲೆ 51 ಮಣ್ಣಿನ ಮುದ್ರೆ. ಬೆನ್ನ ಮೇಲೆ ದಾರದ ಗೆರೆ, ಪಪೈರಸ್ ನಾರಿನ ಗುರುತು ಹಾಗೇ ಇದೆ, ಕಾಗದ ಮಾತ್ರ ಇಲ್ಲ. ಊರಿಗೆ ಬಿದ್ದ ಬೆಂಕಿಯಲ್ಲಿ ಪತ್ರಗಳೆಲ್ಲಾ ಸುಟ್ಟುಹೋದ್ವು, ಅದೇ ಬೆಂಕಿ ಹಸಿ ಮಣ್ಣನ್ನ ಇಟ್ಟಿಗೆ ಹಾಗೆ ಬೇಯಿಸಿ ಗಟ್ಟಿ ಮಾಡ್ತು. ಅದ್ರಲ್ಲಿ ಒಂದನ್ನ ತೊಳೆದು ಓದಿದಾಗ ಕಂಡ ಹೆಸರು 'ಗೆಮರ್ಯಾಹು, ಶಾಫಾನನ ಮಗ'. ಬಾರೂಕನಿಗೆ ಓದೋಕೆ ಕೋಣೆ ಕೊಟ್ಟವನು, ಸುರುಳಿ ಸುಡಬೇಡಿ ಅಂತ ರಾಜನ ಮುಂದೆ ಬೇಡ್ಕೊಂಡವನು.