ಬ್ರೂಟಸ್‌ನ ಕಠಾರಿ, ಟೈಬೀರಿಯಸ್‌ನ ಬೆಳ್ಳಿ

ರೋಮಿನ ಬೆಳ್ಳಿ ನಾಣ್ಯ ಡೆನಾರಿಯಸ್ ಹುಟ್ಟಿದ್ದು ಕ್ರಿ.ಪೂ. 211ರ ಸುಮಾರಿಗೆ. ಅದರ ಮೇಲೆ ಮೊದಮೊದಲು ಶಿರಸ್ತ್ರಾಣ ತೊಟ್ಟ ರೋಮಾ ದೇವಿ ಇರುತ್ತಿದ್ದಳು. ಆಮೇಲೆ ಬೇರೆ ದೇವರುಗಳು, ದೊಡ್ಡ ಮನೆತನಗಳ ಹಿರಿಯರು ಬಂದರು. ಬದುಕಿರುವವರ ಮುಖಕ್ಕೆ ಮಾತ್ರ ರೋಮಿನ ಟಂಕಸಾಲೆಯಲ್ಲಿ ಜಾಗವಿರಲಿಲ್ಲ. ಕ್ರಿ.ಪೂ. 44ರಲ್ಲಿ ಜೂಲಿಯಸ್ ಸೀಸರ್ ಆ ಕಟ್ಟಳೆ ಮುರಿದ. ಮಾರ್ಚ್ 15ರಂದು ಅವನ ಕೊಲೆಯಾಯಿತು.

ಕೊಂದವರಲ್ಲಿ ಒಬ್ಬನಾದ ಬ್ರೂಟಸ್ ಸ್ವಲ್ಪ ಕಾಲದಲ್ಲೇ ತನ್ನದೇ ಡೆನಾರಿಯಸ್ ಹೊರಡಿಸಿದ. ಎರಡು ಕಠಾರಿ, ನಡುವೆ ಒಂದು ಟೋಪಿ. ಅದು ಬಿಡುಗಡೆಯಾದ ಗುಲಾಮರು ತೊಡುತ್ತಿದ್ದ ಟೋಪಿ. ಕೆಳಗೆ 'ಈಡ್ ಮಾರ್', ಅಂದರೆ ಮಾರ್ಚ್ 15. ಕೊಲೆಯ ತಾರೀಖನ್ನೇ ಹೆಮ್ಮೆಯಿಂದ ಅಚ್ಚು ಹಾಕಿಸಿದ್ದಾನೆ! ನಾಣ್ಯ ತಿರುಗಿಸಿದರೆ ಕಾಣುವುದು ಬ್ರೂಟಸ್‌ನ ಸ್ವಂತ ಮುಖ. ನನಗೆ ಕಠಾರಿಗಿಂತ ಜಾಸ್ತಿ ಕಾಡುವುದು ಈ ಮುಖವೇ. ಸೀಸರ್ ಮಾಡಿದ್ದನ್ನೇ ಅವನೂ ಮಾಡಿದನಲ್ವಾ?

ಚಿತ್ರ ಏನೇ ಹೇಳಲಿ, ನಾಣ್ಯಕ್ಕೆ ಬೆಲೆ ತರುತ್ತಿದ್ದದ್ದು ಬೆಳ್ಳಿ. ಕ್ರಿ.ಶ. 64ರಲ್ಲಿ ಚಕ್ರವರ್ತಿ ನೀರೋ ತೂಕವನ್ನೂ ಇಳಿಸಿದ, ತಾಮ್ರವನ್ನೂ ಬೆರೆಸಿದ. 3ನೇ ಶತಮಾನದಲ್ಲಂತೂ 'ಬೆಳ್ಳಿ' ನಾಣ್ಯ ಬರೀ ಹೆಸರಿಗೆ ಎಂಬಂತಾಯಿತು. ಈ ಬೆರಕೆ ಸುಮ್ನೆ ನೋಡಿದರೆ ತಿಳಿಯುವುದಿಲ್ಲ. ಅಚ್ಚು ಹಾಕುವ ಮುನ್ನ ಲೋಹದ ಬಿಲ್ಲೆಯನ್ನು ಕಾಯಿಸಿದಾಗ ಮೇಲ್ಪದರದ ತಾಮ್ರ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಕಪ್ಪಾಗುತ್ತದೆ. ಹುಳಿಯಲ್ಲಿ ಅದ್ದಿದರೆ ಆ ಕಪ್ಪು ಕರಗಿ, ಹೊರಗೆ ಬೆಳ್ಳಿಯಷ್ಟೇ ಉಳಿಯುತ್ತದೆ. ಹಾಗಾಗಿ ಮೇಲ್ಮೈಗೆ ಮಾತ್ರ ಎಕ್ಸ್-ರೇ ಹಾಯಿಸಿ ಅಳೆದರೆ ಬೆಳ್ಳಿಯ ಪಾಲು ಇರುವುದಕ್ಕಿಂತ ಹೆಚ್ಚು ಕಾಣುತ್ತದೆ. ನಿಜ ತಿಳಿಯಲು ವಿಜ್ಞಾನಿಗಳು ನಾಣ್ಯದ ಅಂಚಿನಲ್ಲಿ ಸಣ್ಣ ತೂತು ಕೊರೆದು ಒಳಗಿನ ಲೋಹವನ್ನು ಪರೀಕ್ಷಿಸುತ್ತಾರೆ.

ರೋಮಿನೊಂದಿಗೆ ವ್ಯವಹರಿಸುತ್ತಿದ್ದ ನಮ್ಮ ಕಡೆಯ ವ್ಯಾಪಾರಿಗಳ ಬಳಿ ಇಂಥ ಸಾಧನ ಇರಲಿಲ್ಲ. ಆದರೆ ಭಾರತದಲ್ಲಿ ಸಿಕ್ಕಿರುವ ಡೆನಾರಿಯಸ್‌ಗಳಲ್ಲಿ ಬಹುಪಾಲು ನೀರೋಗಿಂತ ಮುಂಚಿನ, ಅಪ್ಪಟ ಬೆಳ್ಳಿಯ ಎರಡೇ ಬಗೆಯವು. ಒಂದು ಅಗಸ್ಟಸ್‌ನದು: ಹಿಂಬದಿಯಲ್ಲಿ ಅವನ ಮೊಮ್ಮಕ್ಕಳಾದ ಗಾಯಸ್ ಮತ್ತು ಲೂಸಿಯಸ್, ನಡುವೆ ಗುರಾಣಿ, ಈಟಿ. ಇನ್ನೊಂದು ಟೈಬೀರಿಯಸ್‌ನದು: ಕೈಯಲ್ಲಿ ರಾಜದಂಡ ಹಿಡಿದು ಕೂತ ಹೆಂಗಸು. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ಸಿಕ್ಕ ನಿಧಿಯಲ್ಲೂ ಈ ಇಬ್ಬರು ಚಕ್ರವರ್ತಿಗಳ ನಾಣ್ಯಗಳಿದ್ದವು. ಇಲ್ಲಿನವರಿಗೆ ಗಾಯಸ್ ಯಾರೆಂದು ಗೊತ್ತಿರಬೇಕಾಗಿರಲಿಲ್ಲ. ಈ ಚಿತ್ರವಿದ್ದರೆ ಬೆಳ್ಳಿ ಒಳ್ಳೆಯದು ಎಂಬ ನಂಬಿಕೆಯೇ ಸಾಕಾಗಿತ್ತು ಅನ್ನಿಸುತ್ತದೆ. ಈ ನಾಣ್ಯಗಳ ನಕಲುಗಳನ್ನೂ ಭಾರತದಲ್ಲಿ ಮಾಡುತ್ತಿದ್ದರು. ಅವುಗಳಲ್ಲಿ ಲ್ಯಾಟಿನ್ ಅಕ್ಷರಗಳು ಅರ್ಥವಿಲ್ಲದ ಗೀಟುಗಳಾಗಿವೆ, ಆದರೆ ಚಿತ್ರ ಮಾತ್ರ ಗುರುತು ಸಿಗುವಂತೆಯೇ ಇದೆ.