ಇಳಿದ ತೂಕದಲ್ಲಿ ಮಾಂಸಖಂಡ ಎಷ್ಟು?

ತೂಕ ಇಳಿಸುವ ಹೊಟ್ಟೆಯ ಆಪರೇಷನ್ ಆಗಿ ಐದನೇ ತಿಂಗಳು. 116 ಕಿಲೋ ಇದ್ದ ನಾನು 87ಕ್ಕೆ ಬಂದಿದ್ದೆ. ಚೂಡಿದಾರಗಳನ್ನೆಲ್ಲ ಎರಡೆರಡು ಸಲ ಟೈಲರ್ ಹತ್ತಿರ ಕೊಟ್ಟು ಚಿಕ್ಕದು ಮಾಡಿಸಿದ್ದೆ. ಮದುವೆಮನೆಯಲ್ಲಿ ಮೊದಲು ಗುರುತೇ ಹಿಡಿಯದ ನೆಂಟರು ಆಮೇಲೆ ಹುಡುಕಿಕೊಂಡು ಬಂದು ಕೈ ಹಿಡಿದು ಮಾತಾಡಿಸುತ್ತಿದ್ದರು. ಅಂಥ ಖುಷಿಯ ದಿನಗಳಲ್ಲೇ ಒಂದು ಬೆಳಿಗ್ಗೆ, ಬಾಗಿಲ ಹತ್ತಿರ ಹುಡುಗ ಇಟ್ಟು ಹೋಗಿದ್ದ 20 ಲೀಟರ್ ನೀರಿನ ಕ್ಯಾನ್ ಎತ್ತಲು ಬಗ್ಗಿದೆ. ದಪ್ಪ ಇದ್ದಾಗ ಅದನ್ನು ಎತ್ತಿ, ಸೊಂಟಕ್ಕೆ ಆನಿಸಿಕೊಂಡು, ಅಡುಗೆಮನೆಯ ಸ್ಟ್ಯಾಂಡಿನ ಮೇಲೆ ಬೋರಲು ಹಾಕುತ್ತಿದ್ದೆ. ಅವತ್ತು ಮೊಣಕಾಲಿನ ಮಟ್ಟಕ್ಕೆ ಬರುವಷ್ಟರಲ್ಲಿ ತೋಳು ನಡುಗಿತು. ಕೆಳಗಿಟ್ಟುಬಿಟ್ಟೆ.

29 ಕಿಲೋ ಹಗುರಾದ ಮೈಗೆ ಒಂದು ಕ್ಯಾನ್ ಯಾಕೆ ಭಾರವಾಯಿತು? ಉತ್ತರ ಸರಳ. ಕರಗಿದ್ದು ಬರೀ ಕೊಬ್ಬಲ್ಲ.

ನನಗೆ ಆಗಿದ್ದು ಗ್ಯಾಸ್ಟ್ರಿಕ್ ಬೈಪಾಸ್. ಹೊಟ್ಟೆಯ ಮೇಲ್ಭಾಗದಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ ಒಂದು ಪುಟ್ಟ ಚೀಲ ಮಾಡಿ, ಅದನ್ನು ಸಣ್ಣ ಕರುಳಿನ ಮುಂದಿನ ಭಾಗಕ್ಕೆ ಜೋಡಿಸುತ್ತಾರೆ. ಉಳಿದ ಹೊಟ್ಟೆ ಮತ್ತು ಕರುಳಿನ ಮೊದಲ ಭಾಗವನ್ನು ಊಟ ಮುಟ್ಟುವುದೇ ಇಲ್ಲ. ಅಮೆರಿಕದ ಅಯೋವಾದಲ್ಲಿ ಎಡ್ವರ್ಡ್ ಮೇಸನ್ ಎಂಬ ಸರ್ಜನ್ 1966ರಲ್ಲಿ ಶುರು ಮಾಡಿದ ಆಪರೇಷನ್ ಇದು. ಆಮೇಲೆ ಸಾಕಷ್ಟು ಬದಲಾಗಿದೆ. ಇನ್ನೊಂದು ಬಗೆ ಸ್ಲೀವ್. ಅದರಲ್ಲಿ ಹೊಟ್ಟೆಯ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಕತ್ತರಿಸಿ ತೆಗೆದು, ಬಾಳೆಹಣ್ಣಿನ ಆಕಾರದ ಕೊಳವೆ ಉಳಿಸುತ್ತಾರೆ. ಎರಡರಲ್ಲೂ ಹಸಿವು, ಹೊಟ್ಟೆ ತುಂಬಿದ ಭಾವನೆಗಳನ್ನು ನಡೆಸುವ ಹಾರ್ಮೋನುಗಳೇ ಬದಲಾಗುತ್ತವೆ. ಹಾಗಾಗಿ ಮೊದಲ ತಿಂಗಳುಗಳಲ್ಲಿ ನಾಲ್ಕು ಚಮಚ ತಿಂದರೆ ಸಾಕು ಅನ್ನಿಸುತ್ತದೆ.

ದೇಹಕ್ಕೆ ಇದು ಬರಗಾಲದ ಹಾಗೆ. ಕೊಬ್ಬಿನ ಉಗ್ರಾಣವನ್ನು ಖಾಲಿ ಮಾಡುತ್ತದೆ ನಿಜ. ಆದರೆ ಪ್ರೋಟೀನಿಗೆ ಅಂತ ದೇಹದಲ್ಲಿ ಬೇರೆ ಉಗ್ರಾಣ ಇಲ್ಲ, ಇರುವುದು ಮಾಂಸಖಂಡವೇ. ಊಟದಿಂದ ಪ್ರೋಟೀನು ಸಾಲದಿದ್ದರೆ, ಆ ಮಾಂಸಖಂಡಕ್ಕೆ ಕೆಲಸವೂ ಇಲ್ಲದಿದ್ದರೆ, ದೇಹ ಅದನ್ನೇ ಬಿಚ್ಚಿ ಬಳಸುತ್ತದೆ. ಈ ಆಪರೇಷನ್ ನಂತರ ಇಳಿಯುವ ತೂಕದಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಕೊಬ್ಬಲ್ಲದ್ದು, ಅಂದರೆ ಮಾಂಸಖಂಡ, ಅದರೊಳಗಿನ ನೀರು ಇತ್ಯಾದಿ. ಜಾಸ್ತಿ ನಷ್ಟ ಆಗುವುದು ಮೊದಲ ಆರು ತಿಂಗಳಲ್ಲಿ. ನನ್ನ 29 ಕಿಲೋದಲ್ಲಿ ಏಳು ಕಿಲೋ ಹಾಗೆ ಹೋಗಿರಬಹುದು. ತೂಕದ ಮೆಷಿನ್ನು ಇದನ್ನು ಹೇಳಲ್ಲ. ಅದಕ್ಕೆ ಎಲ್ಲವೂ ಒಂದೇ ಕಿಲೋ.

ನಮ್ಮ ಕಡೆಯವರಿಗೆ ಇದು ಇನ್ನೂ ಮುಖ್ಯ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ತಮ್ಮಿಬ್ಬರದೇ ಫೋಟೋ ಹಾಕಿದ್ದರು. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಕೂಡ 22.3. ಆದರೆ ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ಮೈಯಲ್ಲಿ ಶೇ. 21.2. ತೂಕ ಎತ್ತರ ಎರಡೂ ಸರಿಯಾಗಿದ್ದರೂ ಒಳಗಿನ ಲೆಕ್ಕ ಬೇರೆ ಇರಬಹುದು, ಭಾರತೀಯರಲ್ಲಿ ಇದು ಸಾಮಾನ್ಯ ಅನ್ನುವುದು ಅವರ ಮಾತು. ಮೊದಲೇ ಕಮ್ಮಿ ಇರುವ ಮಾಂಸಖಂಡವನ್ನು ಆಪರೇಷನ್ ನೆಪದಲ್ಲಿ ಇನ್ನಷ್ಟು ಕಳೆದುಕೊಳ್ಳುವುದು ಯಾಕೆ, ಅಲ್ವಾ?

ನಾನು ಶುರು ಮಾಡಿದ್ದು ಸೈಕಲ್ಲಿನಿಂದ. ಕಾರಣ ಮೊಣಕಾಲು. ಮಂಡಿ ಸವೆದಿರುವ ದಪ್ಪ ಮೈಯವರಲ್ಲಿ ಅಳೆದು ನೋಡಿದಾಗ, ಒಂದು ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲೆ ಸುಮಾರು ನಾಲ್ಕು ಕಿಲೋ ಒತ್ತಡ ತಗ್ಗುವುದು ಕಂಡಿದೆ. ಸೈಕಲ್ ಮೇಲೆ ಇನ್ನೂ ಆರಾಮ, ಮೈಭಾರವನ್ನು ಸೀಟು ಹೊರುತ್ತದೆ. ಮೈಸೂರಿನಲ್ಲಿ 2017ರಲ್ಲಿ ಬಾಡಿಗೆ ಸೈಕಲ್ ಯೋಜನೆ ಟ್ರಿಣ್ ಟ್ರಿಣ್ ಬಂದಾಗ ಬೇರೆಯವರು ಓಡಿಸುವುದನ್ನು ನೋಡಿ ಆಸೆ ಪಟ್ಟವಳು ನಾನು. ಈಗ ಮಗಳ ಹಳೆ ಸೈಕಲ್ಲಿಗೆ ಗಾಳಿ ಹೊಡೆಸಿ, ಚೈನಿಗೆ ಎಣ್ಣೆ ಬಿಟ್ಟು ಹೊರಟೆ. ಮೊದಲ ದಿನ ಹತ್ತು ನಿಮಿಷ. ಮಂಡಿ ನೋಯಲಿಲ್ಲ, ನೋವಾದದ್ದು ಕೂರುವ ಜಾಗ! ಅಲ್ಲಿದ್ದ ಕೊಬ್ಬಿನ ಮೆತ್ತೆ ಕರಗಿ ಮೂಳೆ ನೇರ ಸೀಟಿಗೆ ತಾಗುತ್ತಿತ್ತು. ಎರಡು ವಾರದಲ್ಲಿ ಅಭ್ಯಾಸವಾಯಿತು.

ಪೆಡಲ್ ತುಳಿಯುವಾಗ ತೊಡೆಯೊಳಗೆ ನಡೆಯುವ ಕೆಲಸ ನನಗೆ ಈಗಲೂ ಬೆರಗು ಹುಟ್ಟಿಸುತ್ತದೆ. ರಕ್ತದಲ್ಲಿರುವ ಸಕ್ಕರೆ ಮಾಂಸಖಂಡದೊಳಗೆ ಹೋಗಲು ಸಾಮಾನ್ಯವಾಗಿ ಇನ್ಸುಲಿನ್ ಬಂದು ಬಾಗಿಲು ತಟ್ಟಬೇಕು. ಆ ಬಾಗಿಲು ಗ್ಲೂಟ್-4 ಎಂಬ ಪ್ರೋಟೀನು. ಆದರೆ ಮಾಂಸಖಂಡ ತಾನೇ ಹಿಗ್ಗಿ ಕುಗ್ಗಿ ದುಡಿಯುತ್ತಿದ್ದರೆ ಇನ್ಸುಲಿನ್ ಇಲ್ಲದೆಯೂ ಬಾಗಿಲು ತೆರೆಯುತ್ತದೆ. ಹನ್ನೊಂದು ವರ್ಷ ಸಕ್ಕರೆ ಕಾಯಿಲೆ ಅನುಭವಿಸಿದ ನನಗೆ ಇದು ಸಣ್ಣ ವಿಷಯ ಅಲ್ಲ.

ಮೂರು ತಿಂಗಳ ನಂತರ ಒಂದು ಭಾನುವಾರ ಶ್ರೀರಂಗಪಟ್ಟಣದವರೆಗೆ ಹೋದೆ. ವಾಪಸ್ ಬರುವಾಗ ದಾರಿ ಬದಿ ಕಬ್ಬಿನ ಹಾಲಿನ ಗಾಡಿ. "ಶುಂಠಿ, ನಿಂಬೆಹಣ್ಣು ಹಾಕಿ ಕೊಡ್ಲಾ ಅಕ್ಕಾ?" ಅಂದ. ಬಿಸಿಲು, ಬಾಯಾರಿಕೆ. ಒಂದು ಲೋಟ ಗಟಗಟ ಕುಡಿದೆ. ಕಾಲು ಗಂಟೆಯಲ್ಲಿ ಎದೆ ಡಬಡಬ ಅನ್ನತೊಡಗಿತು. ಹೊಟ್ಟೆ ಕಿವುಚಿತು, ಮೈಯೆಲ್ಲ ಬೆವರು. ಹುಣಸೆ ಮರದ ಬುಡದಲ್ಲಿ ಕೂತುಬಿಟ್ಟೆ. ಡಂಪಿಂಗ್ ಅನ್ನುತ್ತಾರೆ ಇದಕ್ಕೆ. ಮಾಮೂಲಿ ಹೊಟ್ಟೆಯ ಕೆಳಗೆ ಒಂದು ಕವಾಟ ಇದ್ದು, ಆಹಾರವನ್ನು ಸ್ವಲ್ಪ ಸ್ವಲ್ಪವೇ ಕರುಳಿಗೆ ಬಿಡುತ್ತದೆ. ಬೈಪಾಸ್ ಆದವರ ದಾರಿಯಲ್ಲಿ ಆ ಕವಾಟವೇ ಸಿಗಲ್ಲ. ಲೋಟದಲ್ಲಿದ್ದ ಸುಮಾರು ಮೂವತ್ತು ಗ್ರಾಂ ಸಕ್ಕರೆ ಒಮ್ಮೆಲೇ ಕರುಳಿಗೆ ಸುರಿಯುತ್ತದೆ. ಅದನ್ನು ತೆಳು ಮಾಡಲು ರಕ್ತದಿಂದ ನೀರು ಕರುಳಿನೊಳಕ್ಕೆ ನುಗ್ಗುತ್ತದೆ, ಹಾರ್ಮೋನುಗಳು ಏರುತ್ತವೆ, ಗುಂಡಿಗೆ ಜೋರಾಗಿ ಹೊಡೆದುಕೊಳ್ಳುತ್ತದೆ. ಕೆಲವರಿಗೆ ಒಂದರಿಂದ ಮೂರು ಗಂಟೆಯ ನಂತರ ಇನ್ಸುಲಿನ್ ಮಿತಿಮೀರಿ ಸಕ್ಕರೆ ಅಂಶ ಕುಸಿಯುವುದೂ ಉಂಟು. ಸೈಕಲ್ ಮೇಲಿದ್ದಾಗ ಹಾಗಾದರೆ ಅಪಾಯ. ಮಾಮೂಲಿ ಸೈಕಲ್ ಸವಾರರು ಕುಡಿಯುವ ಸಿಹಿ ಎನರ್ಜಿ ಡ್ರಿಂಕುಗಳೂ ನಮಗೆ ಹೀಗೇ ತೊಂದರೆ ಕೊಡಬಹುದು. ನಾನೀಗ ನೀರು, ಉಪ್ಪು ಹಾಕಿದ ತಿಳಿ ಮಜ್ಜಿಗೆ ಇಟ್ಟುಕೊಂಡು, ಗುಟುಕು ಗುಟುಕಾಗಿ ಕುಡಿಯುತ್ತೇನೆ. ಪುಟ್ಟ ಚೀಲಕ್ಕೆ ಒಂದೇ ಸಲ ಅರ್ಧ ಲೀಟರ್ ಹಿಡಿಸುವುದೂ ಇಲ್ಲ.

ಇಷ್ಟಾದರೂ ಕ್ಯಾನ್ ಎತ್ತಲು ಆಗುತ್ತಿರಲಿಲ್ಲ! ಸೈಕಲ್ಲು ಉಸಿರಿಗೆ, ಗುಂಡಿಗೆಗೆ ಒಳ್ಳೆಯದು. ತೋಳು, ಬೆನ್ನಿಗೆ ಅದು ಏನನ್ನೂ ಕೇಳುವುದಿಲ್ಲ. ಮೂಳೆಗೂ ಅಷ್ಟೇ. ವರ್ಷಗಟ್ಟಲೆ ಸೈಕಲ್ ರೇಸ್ ಮಾಡುವವರಲ್ಲೂ ಬೆನ್ನುಮೂಳೆಯ ಸಾಂದ್ರತೆ ಕಡಿಮೆ ಇರುವುದನ್ನು ಅಧ್ಯಯನಗಳು ತೋರಿಸಿವೆ. ಬೈಪಾಸ್ ಆದವರಲ್ಲಿ ಕ್ಯಾಲ್ಸಿಯಂ ಹೀರಿಕೆ ಮೊದಲೇ ಕಮ್ಮಿ, ಮೂಳೆ ಇನ್ನೂ ಬೇಗ ತೆಳುವಾಗುತ್ತದೆ. ಭಾರ ಬಿದ್ದರೆ ಮಾತ್ರ ಮೂಳೆ ಗಟ್ಟಿಯಾಗಿ ಉಳಿಯುತ್ತದೆ.

ಹಾಗಾಗಿ ಫಿಸಿಯೋಥೆರಪಿಸ್ಟ್ ಹತ್ತಿರ ಹೋದೆ. ಆಕೆ ಡಂಬೆಲ್ ಕೊಡಲೇ ಇಲ್ಲ. "ಕೈ ಊರದೆ ಕುರ್ಚಿಯಿಂದ ಎದ್ದು ತೋರಿಸಿ ಮೇಡಂ" ಅಂದರು. ಮೂರನೇ ಸಲಕ್ಕೆ ಕೈ ತಾನಾಗಿ ತೊಡೆಗೆ ಹೋಯಿತು. ಅಲ್ಲಿಂದ ಶುರು. ಕುರ್ಚಿ, ಆಮೇಲೆ ಗೋಡೆಗೆ ಕೈಕೊಟ್ಟು ದಂಡ, ರಬ್ಬರ್ ಪಟ್ಟಿ ಎಳೆಯುವುದು, ಎರಡು ತಿಂಗಳ ಮೇಲೆ ಡಂಬೆಲ್. ಮೈಸೂರಿನ ಗರಡಿ ಮನೆಗಳಲ್ಲಿ ಪೈಲ್ವಾನರು ಹೊಡೆಯುವ ಬಸ್ಕಿ, ದಂಡಗಳ ತತ್ವವೂ ಇದೇ: ಇವತ್ತು ಮಾಡಿದ್ದಕ್ಕಿಂತ ನಾಳೆ ಒಂದಿಷ್ಟು ಹೆಚ್ಚು. ಮೊದಲ ಕೆಲವು ವಾರಗಳಲ್ಲಿ ಬರುವ ಶಕ್ತಿ ಮಾಂಸಖಂಡ ಬೆಳೆದದ್ದರಿಂದ ಅಲ್ಲ. ಮಿದುಳು ಮತ್ತು ನರಗಳು ಇರುವ ಮಾಂಸಖಂಡವನ್ನೇ ಚೆನ್ನಾಗಿ ದುಡಿಸಲು ಕಲಿಯುತ್ತವೆ. ಬೆಳವಣಿಗೆ ಅದರ ಹಿಂದೆ ನಿಧಾನಕ್ಕೆ ಬರುತ್ತದೆ.

ಒಂದು ತಪ್ಪು ನಂಬಿಕೆ ಬಗ್ಗೆ ಹೇಳಲೇಬೇಕು. ಮಾಂಸಖಂಡ ಇದ್ದರೆ ಸುಮ್ನೆ ಕೂತರೂ ರಾಶಿ ಕ್ಯಾಲೊರಿ ಉರಿಯುತ್ತದೆ ಅನ್ನುತ್ತಾರೆ. ವಿಶ್ರಾಂತಿಯಲ್ಲಿ ಒಂದು ಕಿಲೋ ಮಾಂಸಖಂಡ ದಿನಕ್ಕೆ ಬಳಸುವುದು ಸುಮಾರು 13 ಕ್ಯಾಲೊರಿ, ಕೊಬ್ಬು ನಾಲ್ಕೈದು. ವ್ಯತ್ಯಾಸ ಅಷ್ಟೇ. ಅದರ ಬೆಲೆ ಇರುವುದು ಬೇರೆ ಕಡೆ: ಊಟದ ಸಕ್ಕರೆ ಹೋಗಿ ತುಂಬಿಕೊಳ್ಳುವ ದೊಡ್ಡ ಜಾಗ ಅದು, ನೆಲದಿಂದ ಎಬ್ಬಿಸಿ ನಿಲ್ಲಿಸುವುದೂ ಅದೇ.

ಎತ್ತುವುದರ ಜೊತೆ ತಿನ್ನಬೇಕು. ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನು ಅಂತ ವೈದ್ಯರು ಹೇಳುತ್ತಾರೆ. ಒಂದು ಮೊಟ್ಟೆಯಲ್ಲಿ ಆರು ಗ್ರಾಂ. ನೂರು ಗ್ರಾಂ ಪನ್ನೀರಿನಲ್ಲಿ ಹದಿನೆಂಟರ ಹತ್ತಿರ. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಏಳು. ಪುಟ್ಟ ಚೀಲದವರು ಮೊದಲು ಮುದ್ದೆ ನುಂಗಿದರೆ ಕಾಳಿಗೆ ಜಾಗವೇ ಉಳಿಯಲ್ಲ. ಅದಕ್ಕೆ ನಮ್ಮನೆಯಲ್ಲಿ ಊಟದ ಕ್ರಮವನ್ನೇ ತಿರುಗಿಸಿದೆ. ಮೊದಲು ಬಸ್ಸಾರಿನ ಹುರುಳಿಕಾಳು, ಮೊಟ್ಟೆ. ಕೊನೆಗೆ ನಿಂಬೆಹಣ್ಣಿನ ಗಾತ್ರದ ಮುದ್ದೆ. ಏದುಸಿರು ಜಾಸ್ತಿಯಾದರೆ ರಕ್ತಹೀನತೆ ಇದೆಯಾ ಅಂತ ಪರೀಕ್ಷೆ ಮಾಡಿಸಿ. ಕಬ್ಬಿಣಾಂಶ ಹೀರುವ ಕರುಳಿನ ಭಾಗವನ್ನೇ ಬೈಪಾಸ್ ದಾಟಿ ಹೋಗುತ್ತದೆ. ಕಬ್ಬಿಣದ ಮಾತ್ರೆಯನ್ನು ಕಾಫಿ ಜೊತೆಗಾಗಲಿ, ಕ್ಯಾಲ್ಸಿಯಂ ಮಾತ್ರೆ ಜೊತೆಗಾಗಲಿ ನುಂಗಬೇಡಿ, ಎರಡು ಗಂಟೆ ಅಂತರ ಇರಲಿ.

ಅವಸರ ಮಾತ್ರ ಬೇಡ. ನಡಿಗೆ ಆಪರೇಷನ್ನಿನ ಮರುದಿನವೇ ಶುರುವಾಗುತ್ತದೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲಿ ಅಂತ. ಆದರೆ ಭಾರ ಎತ್ತಲು ನಾಲ್ಕರಿಂದ ಆರು ವಾರ ಕಾಯಲೇಬೇಕು, ಇಲ್ಲದಿದ್ದರೆ ಗಾಯದ ಜಾಗದಲ್ಲಿ ಹರ್ನಿಯಾ ಆಗಬಹುದು. ಬಿಪಿ, ಶುಗರ್ ಮಾತ್ರೆಗಳ ಪ್ರಮಾಣ ಇಳಿಸದೆ ವ್ಯಾಯಾಮ ಶುರು ಮಾಡಿದರೆ ತಲೆ ಸುತ್ತಿ ಬೀಳುವ ಸಾಧ್ಯತೆ ಇದೆ. ನಿಮ್ಮ ವೈದ್ಯರನ್ನು ಕೇಳಿಯೇ ಹೊರಡಿ. ವಾಂತಿ ನಿಲ್ಲದಿದ್ದರೆ, ಪಾದ ಜುಮುಗುಟ್ಟಿದರೆ ಅದು ಬಿ1 ವಿಟಮಿನ್ ಕೊರತೆ ಇರಬಹುದು. ಅವತ್ತೇ ಆಸ್ಪತ್ರೆಗೆ ಹೋಗಿ.

ನೀರಿನ ಕ್ಯಾನ್ ಹನ್ನೊಂದನೇ ತಿಂಗಳಲ್ಲಿ ಸ್ಟ್ಯಾಂಡ್ ಏರಿತು. ಈಗ ನನ್ನ ಗಮನ ನಾದಿನಿ ಮೇಲಿದೆ. ಮುಂದಿನ ತಿಂಗಳು ಅವಳಿಗೆ ಸ್ಲೀವ್ ಆಪರೇಷನ್. ಮಾಂಸಖಂಡ ಕರಗಲು ಶುರುವಾದ ಮೇಲೆ ಓಡುವ ಬದಲು, ಇರುವಾಗಲೇ ಗಟ್ಟಿ ಮಾಡಿಕೊಳ್ಳಲಿ ಅಂತ ದಿನಾ ಸಂಜೆ ನಮ್ಮ ಮನೆಗೆ ಕರೆಸುತ್ತೇನೆ. ಊಟದ ಮೇಜಿನ ಕುರ್ಚಿಯನ್ನು ಗೋಡೆಗೆ ಒರಗಿಸಿ ಇಡುತ್ತೇವೆ. ಕೈ ಎದೆ ಮೇಲೆ ಕಟ್ಟಿಕೊಂಡು ಅವಳು ಏಳಬೇಕು, ಕೂರಬೇಕು, ನಾನು ಎಣಿಸುತ್ತೇನೆ. ಹೋದ ಸೋಮವಾರ ಐದು ಸಲ ಆಗಿತ್ತು. ನಿನ್ನೆ ಒಂಬತ್ತು.