ಹತ್ತಿಯೇ ಬೆಳೆಯದ ಕುಮಟಾದ ಹೆಸರು ಹತ್ತಿಗೆ ಅಂಟಿದ್ದು ಹೇಗೆ?

ಓದುಗರ ಪ್ರಶ್ನೆ: ಹತ್ತಿಯ ಬಗೆಗಿನ ಹಳೆಯ ಪುಸ್ತಕಗಳಲ್ಲಿ 'ಕುಮಟಾ ಹತ್ತಿ' ಎಂಬ ಹೆಸರು ಪದೇ ಪದೇ ಸಿಗುತ್ತದೆ. ನಮ್ಮ ಕುಮಟಾದಲ್ಲಿ ತೆಂಗು ಇದೆ, ಗದ್ದೆ ಇದೆ, ಮೀನು ಇದೆ. ಹತ್ತಿಯ ಹೊಲ ಮಾತ್ರ ಇಲ್ಲ. ಹಾಗಾದರೆ ಈ ಹೆಸರು ಎಲ್ಲಿಂದ ಬಂತು?

ಘಟ್ಟದ ಮೇಲಿನಿಂದ ಇಳಿದು ಬಂತು. ಶಿರಸಿಯಿಂದ ಕುಮಟಾಕ್ಕೆ ಹೋಗುವ ಬಸ್ಸಿನಲ್ಲಿ ನೀವು ಯಾವ ರಸ್ತೆಯಲ್ಲಿ ಕೂತು ಬರುತ್ತೀರೋ, ಅದೇ ದಾರಿಯಲ್ಲಿ ಬಂತು.

ಹತ್ತಿ ಬೆಳೆದದ್ದು ಧಾರವಾಡ, ಹುಬ್ಬಳ್ಳಿ, ಗದಗ, ರಾಣೆಬೆನ್ನೂರು ಸೀಮೆಯ ಎರೆಹೊಲಗಳಲ್ಲಿ. ಕೊಂಡವರು ಮುಂಬಯಿಯ ವರ್ತಕರು, ಅವರ ಹಿಂದೆ ಇಂಗ್ಲೆಂಡಿನ ಗಿರಣಿಗಳು. ಅವರಿಗೆ ಹೊಲ ಕಾಣುವುದಿಲ್ಲ, ಹಡಗು ಹೊರಟ ಬಂದರು ಕಾಣುತ್ತದೆ. ಆಂಧ್ರದ ಹತ್ತಿಗೆ ಕಾಕಿನಾಡದ ಹೆಸರು ಬಿದ್ದದ್ದೂ ಯೆಮೆನ್ ಗುಡ್ಡಗಳ ಕಾಫಿಗೆ ಮೋಕಾ ಬಂದರಿನ ಹೆಸರು ಬಿದ್ದದ್ದೂ ಹೀಗೆಯೇ. ಧಾರವಾಡದ ನಾಟಿ ಹತ್ತಿ ಹಡಗು ಹತ್ತುತ್ತಿದ್ದುದು ಕುಮಟಾದಲ್ಲಿ, ಆದ್ದರಿಂದ ಅದು ಕುಮಟಾ ಹತ್ತಿ. ಅಮೆರಿಕದ ನ್ಯೂ ಆರ್ಲಿಯನ್ಸ್ ಬೀಜ ತಂದು 1840ರ ದಶಕದಿಂದ ಅದೇ ಸೀಮೆಯಲ್ಲಿ ಬೆಳೆಸಿದ ಇನ್ನೊಂದು ಹತ್ತಿಗೆ ಪೇಟೆಯಲ್ಲಿ 'ಧಾರವಾಡ ಅಮೆರಿಕನ್' ಎಂಬ ಹೆಸರು. ಪರದೇಶದ ಬೀಜಕ್ಕೆ ಧಾರವಾಡದ ಹೆಸರು ಸಿಕ್ಕಿತು, ಧಾರವಾಡದ್ದೇ ಆದ ಹತ್ತಿಗೆ ಸಿಗಲಿಲ್ಲ.

ಈ ರಸ್ತೆಯ ಮಹತ್ವ ತಿಳಿಯಬೇಕಾದರೆ ಪಂಚಾಂಗ ಮುಂದಿಟ್ಟುಕೊಳ್ಳಬೇಕು. ಎರೆಹೊಲದಲ್ಲಿ ಶ್ರಾವಣ–ಭಾದ್ರಪದಕ್ಕೆ ಬಿತ್ತಿದ ಹತ್ತಿ ಒಡೆಯುವುದು ಶಿವರಾತ್ರಿಯ ಆಸುಪಾಸಿನಲ್ಲಿ. ಯುಗಾದಿ ದಾಟಿದರೂ ಬಿಡಿಸುವುದು ಮುಗಿದಿರುವುದಿಲ್ಲ. ಆಮೇಲೆ ಕಾಳು ತೆಗೆಯಬೇಕು, ಅರಳೆಯನ್ನು ಅಂಡಗಿಗೆ ತುಂಬಬೇಕು. ಕುಮಟಾದ್ದು ಬಯಲು ಬಂದರು, ಅಲೆಗೆ ಅಡ್ಡ ನಿಲ್ಲುವಂಥದ್ದು ಅಲ್ಲೇನೂ ಇಲ್ಲ. ಮೃಗಶಿರಾ ಮಳೆ ಹಿಡಿಯಿತೆಂದರೆ ಹಾಯಿಹಡಗುಗಳ ಸಂಚಾರ ಬಂದ್. ಅಂದರೆ ಒಂದು ಸೀಮೆಯ ವರ್ಷದ ದುಡಿಮೆಯೆಲ್ಲ ಎರಡು–ಮೂರು ತಿಂಗಳಲ್ಲಿ ಘಟ್ಟ ಇಳಿಯಬೇಕು. ತಪ್ಪಿದರೆ ಮಳೆಗಾಲವಿಡೀ ಗೋದಾಮಿನಲ್ಲಿ ಥಂಡಿ ಕುಡಿದು ಬಣ್ಣಗೆಡಬೇಕು. ಬೇಸಿಗೆಯ ಆ ರಸ್ತೆಯನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ: ಒಂದರ ಹಿಂದೊಂದು ಚಕ್ಕಡಿ, ಇಳಿಜಾರಿನಲ್ಲಿ ನೊಗ ಕೊರಳಿಗೆ ಒತ್ತಿ ಹಿಂದಕ್ಕೆ ತಡೆಯುವ ಎತ್ತುಗಳು, ಕೆಂಪು ಧೂಳು, ರಸ್ತೆಬದಿಯ ಮುಳ್ಳಿಗೆ ಸಿಕ್ಕ ಬಿಳಿಯ ಎಳೆಗಳು.

ದಾರಿ ಅದಕ್ಕೂ ಹಳೆಯದು. ಚಕ್ಕಡಿ ಇಳಿಯುವಂತಾಗುವ ಮೊದಲು ಇಲ್ಲಿ ಲಂಬಾಣಿಗರ ಹೇರೆತ್ತುಗಳು ನಡೆಯುತ್ತಿದ್ದವು. ಮೇಲಿನಿಂದ ಧಾನ್ಯ, ಕೆಳಗಿನಿಂದ ಉಪ್ಪು. ಗೋಕರ್ಣದ ಬಳಿಯ ಸಾಣಿಕಟ್ಟಾದ ಉಪ್ಪಿನಾಗರ ಇಂದಿಗೂ ಇದೆ. ಅಘನಾಶಿನಿಯ ಮೇಲೆ ಒಳನಾಡಿನಲ್ಲೊಂದು ಊರಿದೆ, ಹೆಸರು ಉಪ್ಪಿನಪಟ್ಟಣ. ಸಮುದ್ರದ ಭರತ ಅಲ್ಲಿಯವರೆಗೆ ಏರುತ್ತದೆ, ದೋಣಿಯೂ ಅಲ್ಲಿಯವರೆಗೆ ಹೋಗುತ್ತಿತ್ತು. ಮುಂದೆ ಎತ್ತಿನ ಬೆನ್ನು. ಇದೇ ನದಿಯ ದಂಡೆಯ ಬಳಿ ಮಿರ್ಜಾನ ಕೋಟೆಯಿದೆ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಕಾಲದಲ್ಲಿ, 16ನೇ ಶತಮಾನದಲ್ಲಿ, ಘಟ್ಟದ ಕಾಳುಮೆಣಸು ಈ ಕಡಲಂಚಿನಿಂದಲೇ ಹೊರಡುತ್ತಿತ್ತು. ಪೋರ್ಚುಗೀಸರು ಆಕೆಯನ್ನು ಕರೆದದ್ದೇ ಮೆಣಸಿನ ರಾಣಿ ಎಂದು.

ಇಂದಿನ ಹಾದಿ ಹೀಗಿದೆ. ಕುಮಟಾದಿಂದ ಕರಾವಳಿ ಹೆದ್ದಾರಿಯಲ್ಲಿ ಉತ್ತರಕ್ಕೆ ಸ್ವಲ್ಪ ದೂರ ಹೋಗಿ ದೀವಗಿಯ ಬಳಿ ಒಳಕ್ಕೆ ತಿರುಗಿದರೆ ಕತಗಾಲ. ಅಲ್ಲಿಂದ ಮುಂದೆ ಏರು. ದೇವಿಮನೆ ಘಟ್ಟ ಹತ್ತಿ, ರಾಗಿಹೊಸಳ್ಳಿ, ಬಂಡಲ, ಅಮ್ಮಿನಳ್ಳಿ ದಾಟಿದರೆ ಶಿರಸಿ; ಒಟ್ಟು ಸುಮಾರು 60 ಕಿ.ಮೀ. ಘಟ್ಟದ ತಲೆಯಲ್ಲಿ ರಸ್ತೆಗೆ ತಾಗಿಯೇ ದೇವಿಯ ಗುಡಿ. ಇಂದಿಗೂ ಲಾರಿ ಚಾಲಕರು ಅಲ್ಲಿ ನಿಧಾನಿಸಿ ಕೈಮುಗಿಯುತ್ತಾರೆ. ಎಷ್ಟೋ ಸಲ ನೋಡಿದ್ದರೂ ನನಗೆ ಆ ಗಳಿಗೆ ಪ್ರತಿಸಲವೂ ಹೊಸದು.

ಕುಮಟಾಕ್ಕೆ ನಿಜವಾದ ಸುಗ್ಗಿ ಬಂದದ್ದು 1861ರಲ್ಲಿ, ಅಮೆರಿಕದ ಅಂತರ್ಯುದ್ಧದಿಂದ. ದಕ್ಷಿಣದ ರಾಜ್ಯಗಳ ಬಂದರುಗಳಿಗೆ ಉತ್ತರದವರು ದಿಗ್ಬಂಧನ ಹಾಕಿದರು, ಲ್ಯಾಂಕಾಶೈರಿನ ಮಗ್ಗಗಳು ನಿಂತವು, ಹಿಂದೂಸ್ಥಾನದ ಹತ್ತಿಯ ಬೆಲೆ ಗಗನಕ್ಕೇರಿತು. ಆ ಹೊತ್ತಿನ ಇನ್ನೊಂದು ನಿರ್ಧಾರ ನಮ್ಮ ಜಿಲ್ಲೆಯ ನಕ್ಷೆಯನ್ನೇ ಬದಲಿಸಿತು. ಮದ್ರಾಸು ಪ್ರಾಂತಕ್ಕೆ ಸೇರಿದ್ದ ಕೆನರಾದ ಉತ್ತರ ಭಾಗ 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಹೋಯಿತು. ಹತ್ತಿ ಬೆಳೆಯುವ ಧಾರವಾಡವೂ ಹತ್ತಿ ಹೊರಡುವ ಕಡಲೂ ಒಂದೇ ಸರ್ಕಾರದ ಕೈಯಲ್ಲಿರಲಿ, ಕಾರವಾರವನ್ನು ಒಳ್ಳೆಯ ಬಂದರು ಮಾಡಲಿ ಎಂಬುದು ವರ್ತಕರ ಒತ್ತಾಯ. ಇಂದು ಉತ್ತರ ಕನ್ನಡ, ದಕ್ಷಿಣ ಕನ್ನಡ ಎಂಬ ಎರಡು ಹೆಸರುಗಳ ಬೇರು ಆ ಕಾಲದ ವಿಭಜನೆಯಲ್ಲಿದೆ. ನಮ್ಮ ಜಿಲ್ಲೆಯ ಚರಿತ್ರೆ ಹೇಳುವಾಗ ಅರಳೆಯ ಪಾತ್ರವನ್ನು ಇಷ್ಟು ಕಡಿಮೆ ಹೇಳುತ್ತೇವಲ್ಲ ಎಂಬುದು ನನ್ನ ನೋವು.

ಯುದ್ಧ 1865ಕ್ಕೆ ಮುಗಿಯಿತು, ಬೆಲೆ ಕುಸಿಯಿತು. ಆದರೂ ಚಕ್ಕಡಿ ನಿಲ್ಲಲಿಲ್ಲ. ನಿಲ್ಲಿಸಿದ್ದು ರೈಲು. 1880ರ ದಶಕದಲ್ಲಿ ಹುಬ್ಬಳ್ಳಿ–ಗದಗಕ್ಕೆ ಹಳಿ ಬಂತು, ಕ್ಯಾಸಲ್‌ರಾಕ್ ಮೂಲಕ ಗೋವೆಯ ಮುರಗಾಂವ ಬಂದರಿಗೂ ದಾರಿ ತೆರೆಯಿತು. ಹೊಲದ ಹತ್ತಿರವೇ ರೈಲು ನಿಲ್ಲುವಾಗ ಎತ್ತು ಕಟ್ಟಿಕೊಂಡು ದೇವಿಮನೆ ಇಳಿಯುವವರು ಯಾರು? ಕುಮಟಾ ಮೆಲ್ಲಗೆ ಬಡವಾಯಿತು. ಆ ಊರಿಗೆ ರೈಲು ಬಂದದ್ದು ಕೊಂಕಣ ರೈಲ್ವೆಯ ಜೊತೆ, 1990ರ ದಶಕದಲ್ಲಿ.

ರಸ್ತೆ ಮುಂದೆ ಕುಮಟಾ–ತಡಸ ರಾಜ್ಯ ಹೆದ್ದಾರಿ 69 ಎನಿಸಿ, ಅಡಿಕೆ, ಮೀನು, ಉಪ್ಪು ಹೊತ್ತು ಬದುಕಿತು. ಶಿರಸಿ–ಕುಮಟಾ ಭಾಗ ಈಗ ಹಾವೇರಿ ಕಡೆಯಿಂದ ಬರುವ ರಾಷ್ಟ್ರೀಯ ಹೆದ್ದಾರಿ 766ಇಗೆ ಸೇರಿದೆ. ಬಯಲುಸೀಮೆಯನ್ನು ಬಂದರಿಗೆ ಮುಟ್ಟಿಸಬೇಕೆಂಬ ಹಳೆಯ ಲೆಕ್ಕವೇ ಅಗಲೀಕರಣದ ಹಿಂದೆಯೂ ಇದೆ. ಮಳೆಗಾಲದಲ್ಲಿ ಹೊರಡುವವರು ಘಟ್ಟ ತೆರೆದಿದೆಯೇ ಎಂದು ವಿಚಾರಿಸಿಕೊಂಡು ಹೊರಡಿ. ಅಗೆದ ದರೆ ಜರಿಯುತ್ತದೆ.

ಇನ್ನು ಆ ಹೆಸರಿನ ಮಾತು. ಹತ್ತಿ ಕುಮಟಾಕ್ಕೆ ಬರುವುದು ನಿಂತ ಮೇಲೂ ಮುಂಬಯಿ ಪೇಟೆ ಅದನ್ನು ಕುಮಟಾ ಎಂದೇ ಕರೆಯಿತು. 20ನೇ ಶತಮಾನದಲ್ಲೂ ವ್ಯಾಪಾರದ ಪಟ್ಟಿಗಳಲ್ಲಿ 'ಕುಮಟಾ–ಧಾರವಾಡ' ಎಂಬ ಜೋಡಿ ಹೆಸರು ಉಳಿದಿತ್ತು. ಹೊಲದ ಊರಿಗೆ ಕೊನೆಗೂ ಜಾಗ ಸಿಕ್ಕಿತ್ತು, ಎರಡನೆಯದಾಗಿ.